ಒಂದೇ ಗಾಡಿಯ ಊರು

ಗುಡ್ಡದಹಾಳದಿಂದ ಇರಕಲ್ಲಗಡಕ್ಕೆ ಹನ್ನೊಂದು ಕಿಲೋಮೀಟರು, ಅಲ್ಲಿಂದ ಕೊಪ್ಪಳಕ್ಕೆ ಮತ್ತೆ ಇಪ್ಪತ್ತು ಚಿಲ್ಲರೆ. ಊರಿನ ಆಶಾ ಕಾರ್ಯಕರ್ತೆ ಕಸ್ತೂರೆಮ್ಮ ವರ್ಷಕ್ಕೊಮ್ಮೆ ಸರ್ಕಾರದ ನಮೂನೆ ತುಂಬುವಾಗ ಹತ್ತಿರದ ಆಸ್ಪತ್ರೆ, ಹತ್ತಿರದ ಹೈಸ್ಕೂಲು, ಬ್ಯಾಂಕು, ಔಷಧದ ಅಂಗಡಿ ಎಲ್ಲದರ ಮುಂದೆಯೂ ಹನ್ನೊಂದು ಎಂದೇ ಬರೆಯುತ್ತಿದ್ದಳು. ಆ ಹನ್ನೊಂದು ಕಿಲೋಮೀಟರು ಯಾರ ಕೈಯಲ್ಲಿದೆ ಎಂದು ನಮೂನೆ ಕೇಳುತ್ತಿರಲಿಲ್ಲ. ಕೇಳಿದ್ದರೆ ಹೇಮಪ್ಪನ ಹೆಸರು ಬರೆಯಬೇಕಾಗುತ್ತಿತ್ತು.

ಹಳ್ಳದ ಸೇತುವೆ ಕುಸಿದು ಬಸ್ಸು ಬರುವುದು ನಿಂತು ಎರಡು ವರ್ಷವಾಗಿತ್ತು. ಪಕ್ಕದಲ್ಲಿ ಮಣ್ಣು ಸುರಿದು ಮಾಡಿದ ದಾರಿಯಲ್ಲಿ ಸಣ್ಣ ಗಾಡಿಗಳಷ್ಟೇ ದಾಟುತ್ತಿದ್ದವು. ಊರಲ್ಲಿ ಒಂದಷ್ಟು ಬೈಕುಗಳಿದ್ದವು, ಗೌಡರದೊಂದು ಟ್ರ್ಯಾಕ್ಟರ್ ಇತ್ತು. ಆದರೆ ಮುದುಕರು, ಬಾಣಂತಿಯರು, ಸಾಲಿಗೆ ಹೋಗುವ ಮಕ್ಕಳು, ಸಂತೆಯ ಚೀಲಗಳು ಎಲ್ಲಾ ಹೋಗುತ್ತಿದ್ದುದು ಹೇಮಪ್ಪನ ಟಂಟಂನಲ್ಲಿ. ಬೆಳಿಗ್ಗೆ ಎಂಟಕ್ಕೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಮೂರು ಗಾಲಿಯ ಆ ಗಾಡಿಯಲ್ಲಿ ಹದಿನಾಲ್ಕು ಮಂದಿಯನ್ನು ತುಂಬುತ್ತಿದ್ದ. ಅವನು ಕೆಟ್ಟವನಲ್ಲ. ಯಾರನ್ನೂ ಬಿಟ್ಟುಹೋದವನಲ್ಲ. ಕಸ್ತೂರೆಮ್ಮ ಹೆರಿಗೆಗೆಂದು ಯಾರನ್ನಾದರೂ ಕರೆದುಕೊಂಡು ಹೊರಟರೆ ಮುಂದಿನ ಸೀಟು ಖಾಲಿ ಮಾಡಿಸಿ, ತಗ್ಗು ಬಂದಲ್ಲೆಲ್ಲ ನಿಧಾನ ಮಾಡಿ ಓಡಿಸುತ್ತಿದ್ದ. ಅವಳನ್ನು ತಂಗೆಮ್ಮ ಎಂದು ಕರೆಯುತ್ತಿದ್ದ.

ಅದೆಲ್ಲ ಹೇಮಪ್ಪನ ಮಗಳ ಮದುವೆ ನಿಲ್ಲುವವರೆಗೆ.

ಮಗಳ ಹೆಸರು ರೂಪಾ. ಒಂಬತ್ತನೆಯ ತರಗತಿ ಮುಗಿಸಿದ್ದಳು, ಹದಿನೈದು ತುಂಬಿತ್ತು. ಹೇಮಪ್ಪನ ಅಕ್ಕ ಮಾರೆಮ್ಮನನ್ನು ಗಂಗಾವತಿ ಕಡೆಯ ಶ್ರೀರಾಮನಗರಕ್ಕೆ ಕೊಟ್ಟಿತ್ತು. ಅವಳ ಮಗ ಗವಿಸಿದ್ದೇಶ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಸೋದರತ್ತೆಯ ಮನೆ, ಗೊತ್ತಿರುವ ಹುಡುಗ. ಹೇಮಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಸವ ಜಯಂತಿಯ ಮರುದಿನ ಮುಹೂರ್ತವಿಟ್ಟ.

ಮದುವೆಗೆ ಎಂಟು ದಿನವಿರುವಾಗ ರೂಪಾ ಅಂಗನವಾಡಿಗೆ ಬಂದಳು. ಕಸ್ತೂರೆಮ್ಮ ಒಬ್ಬಳೇ ಕೂತು ಮಕ್ಕಳ ತೂಕ ಬರೆದುಕೊಳ್ಳುತ್ತಿದ್ದಳು. ಹುಡುಗಿ ಓಡ್ನಿಯ ಒಳಗಿಂದ ಸಾಲಿಯ ದಾಖಲಾತಿ ಚೀಟಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಹುಟ್ಟಿದ ತಾರೀಖು ಅದರಲ್ಲಿತ್ತು.

“ಚಿಗವ್ವ, ನಾ ಹತ್ತನೇತ್ತ ಮುಗಸ್ತೀನಿ. ಅಪ್ಪಗ ಹೇಳಿದ್ರ ಕೇಳಂಗಿಲ್ಲ. ನೀ ಏನರ ಮಾಡು. ನಾ ಕೊಟ್ಟೀನಂತ ಮಾತ್ರ ಯಾರಿಗೂ ಗೊತ್ತಾಗಬಾರದು.”

ಕಸ್ತೂರೆಮ್ಮನಿಗೆ ಮದುವೆಯಾದಾಗ ಹದಿನಾಲ್ಕು. ಹದಿನಾರಕ್ಕೆ ಮೊದಲ ಕೂಸನ್ನು ಇರಕಲ್ಲಗಡ ಮುಟ್ಟುವ ಮೊದಲೇ ಚಕ್ಕಡಿಯಲ್ಲಿ ಕಳೆದುಕೊಂಡಿದ್ದಳು. ಅವಳು ಹುಡುಗಿಯ ಕೈ ಹಿಡಿದು, “ನನ್ನ ಕೊಳ್ಳ ಕೊಯ್ದ್ರೂ ನಿನ್ನ ಹೆಸರ ಹೇಳಂಗಿಲ್ಲ” ಎಂದಳು. ಆ ಹೊತ್ತಿಗೆ ಅದು ಪೂರಾ ನಿಜವಾದ ಮಾತಾಗಿತ್ತು.

ಮದುವೆಯ ದಿನ ಬೆಳಿಗ್ಗೆ ಮಕ್ಕಳ ಸಹಾಯವಾಣಿಗೆ ಅವಳೇ ಫೋನ್ ಮಾಡಿದಳು. ಮುಕ್ಕಾಲು ತಾಸಿನಲ್ಲಿ ಎರಡು ಜೀಪು ಬಂದವು. ಬಂದವರ ಕೈಯಲ್ಲಿ ಹುಟ್ಟಿದ ತಾರೀಖಿನ ಚೀಟಿಯ ಫೋಟೋ ಇತ್ತು, ಮುಹೂರ್ತದ ಹೊತ್ತು ಇತ್ತು, ಹುಡುಗನ ಹೆಸರಿತ್ತು. ಅರಿಶಿನ ಹಚ್ಚಿದ ಮೈಯಲ್ಲೇ ರೂಪಾಳನ್ನು ಪಕ್ಕಕ್ಕೆ ಕೂಡಿಸಿದರು. ಹೇಮಪ್ಪ ನಾನ್ನೂರು ಮಂದಿಯ ಎದುರು ಮುಚ್ಚಳಿಕೆ ಬರೆದುಕೊಟ್ಟ. ಮಾರೆಮ್ಮ ತಮ್ಮನ ಮುಖಕ್ಕೆ ಉಗುಳಿ ಹೋದಳು. ಕೊಪ್ಪರಿಗೆಗಟ್ಟಲೆ ಹುಗ್ಗಿಯನ್ನು ಸಂಜೆ ಹಳ್ಳಕ್ಕೆ ಸುರಿದರು. ಮೂರು ದಿನ ಊರ ನಾಯಿಗಳು ಅಲ್ಲೇ ಇದ್ದವು.

ಫೋನ್ ಮಾಡಿದ್ದು ಯಾರೆಂದು ಊರಿಗೆ ಗೊತ್ತಾಗಲು ಎರಡು ದಿನ ಸಾಕಾಯಿತು. ಅಂಥ ನಂಬರು ತಿಳಿದವಳು ಊರಲ್ಲಿ ಒಬ್ಬಳೇ. ಆದರೆ ಚೀಟಿ ಹೇಮಪ್ಪನ ಟ್ರಂಕಿನೊಳಗೆ ಇದ್ದದ್ದು. ಅದನ್ನು ತೆಗೆದುಕೊಟ್ಟವರು ಮನೆಯವರೇ ಯಾರೋ. ಹೇಮಪ್ಪನ ಸಂಶಯ ತಮ್ಮನ ಹೆಂಡತಿ ಶಾಂತಕ್ಕನ ಮೇಲೆ ಹೋಯಿತು. ಒಂದೇ ಅಂಗಳದ ಎರಡು ಮನೆಗಳ ನಡುವೆ ಗೋಡೆ ಎದ್ದಿತು. ಕಸ್ತೂರೆಮ್ಮ ಅದನ್ನು ನೋಡಿದಳು, ಸುಮ್ಮನಿದ್ದಳು. ಮುಚ್ಚಳಿಕೆಗೆ ಹೆದರಿ ಹೇಮಪ್ಪ ಜೂನ್‌ನಲ್ಲಿ ಮಗಳನ್ನು ಹತ್ತನೆಯ ತರಗತಿಗೆ ಕಳಿಸಿದ. ತನ್ನ ಟಂಟಂನಲ್ಲೇ ಕರೆದೊಯ್ದು ತಾನೇ ಕರೆತರುತ್ತಿದ್ದ. ಕಸ್ತೂರೆಮ್ಮ ರಸ್ತೆಗೆ ಬಂದು ಕೈ ಮಾಡಿದರೆ ಮಾತ್ರ ಗಾಡಿ ನಿಲ್ಲುತ್ತಿರಲಿಲ್ಲ. ಆರು ತಿಂಗಳು ಅವಳು ದೂರದ ಬಸ್ಸಿನ ಕ್ರಾಸಿನವರೆಗೆ ನಡೆದೇ ಹೋದಳು, ಲಸಿಕೆಯ ಡಬ್ಬಿ ಹೊತ್ತು.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳ ಗಂಡ ಕನಕರಾಜ ಕುರಿಹಟ್ಟಿಯಲ್ಲಿ ಬಿದ್ದ. ನಲವತ್ತೆಂಟರ ಗಟ್ಟಿ ಆಳು. ಕುರಿಗಳಿಗೆ ಔಷಧ ಕುಡಿಸುತ್ತಿದ್ದವನ ಎಡಗೈಯಿಂದ ಬಾಟಲಿ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಹಾಗೆಯೇ ಪಕ್ಕಕ್ಕೆ ಉರುಳಿದ. ಕಸ್ತೂರೆಮ್ಮ ಓಡಿ ಬಂದಾಗ ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಏನೋ ಹೇಳುತ್ತಿದ್ದ, ಮಾತು ಗಂಜಿಯಂತೆ ಹರಿಯುತ್ತಿತ್ತು.

ತರಬೇತಿಯಲ್ಲಿ ಹೇಳಿಕೊಟ್ಟದ್ದು ಅವಳಿಗೆ ನೆನಪಿತ್ತು. ಮಿದುಳಿಗೆ ರಕ್ತ ಹರಿಯುವುದು ನಿಂತಾಗ ನಾಲ್ಕೂವರೆ ತಾಸಿನೊಳಗೆ ಸೂಜಿ ಬೀಳಬೇಕು, ಬಿದ್ದರೆ ಮನುಷ್ಯ ಎದ್ದು ನಡೆಯಬಹುದು. ಅದಕ್ಕೆ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ಎರಡೂ ಇರುವುದು ಕೊಪ್ಪಳದಲ್ಲಿ. ಅವಳು ಆಂಬುಲೆನ್ಸಿಗೆ ಫೋನ್ ಮಾಡಿದಳು. ಹತ್ತಿರದ ಗಾಡಿ ಇನ್ನೊಂದು ಕೇಸಿಗೆ ಹೋಗಿದೆ, ಬೇರೆ ಕಡೆಯದನ್ನು ನೋಡಿ ಕಳಿಸುತ್ತೇವೆ, ಒಂದೂವರೆ ಎರಡು ತಾಸು ಆಗಬಹುದು ಎಂದರು. ಗೌಡರ ಟ್ರ್ಯಾಕ್ಟರ್ ಮೆಕ್ಕೆಜೋಳ ಹೇರಿಕೊಂಡು ಕುಷ್ಟಗಿಗೆ ಹೋಗಿತ್ತು. ಪಕ್ಕದ ಮನೆಯ ಫಕ್ರುದ್ದೀನ ತನ್ನ ಬೈಕು ತಂದ. ಇಬ್ಬರು ಹಿಡಿದು ಕನಕರಾಜನನ್ನು ಕೂಡಿಸಿದರು; ಮೊದಲ ತಿರುವಿನಲ್ಲೇ ಅವನು ಜಾರಿ, ವಾಂತಿ ಮಾಡಿಕೊಂಡು, ಫಕ್ರುದ್ದೀನನ ಸಮೇತ ನೆಲಕ್ಕೆ ಬಂದ.

“ಆಗಂಗಿಲ್ಲಕ್ಕ,” ಎಂದ ಫಕ್ರುದ್ದೀನ, ಮೊಣಕೈ ಒರೆಸಿಕೊಳ್ಳುತ್ತ. “ಹೇಮಣ್ಣನ್ನ ಕೇಳು. ಬ್ಯಾರೆ ದಾರಿ ಇಲ್ಲ.”

ಹೇಮಪ್ಪನ ಮನೆ ಮೂವತ್ತು ಹೆಜ್ಜೆಯ ದೂರದಲ್ಲಿತ್ತು. ಭಾನುವಾರವಾದ್ದರಿಂದ ಟಂಟಂ ಅಂಗಳದಲ್ಲೇ ಇತ್ತು. ರೂಪಾ ಒದ್ದೆ ಬಟ್ಟೆ ಹಿಡಿದು ಅದರ ಗಾಜು ಒರೆಸುತ್ತಿದ್ದಳು. ಹೇಮಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

“ಯಣ್ಣ, ಇವರು ಬಿದ್ದಾರ. ಲಕ್ವ ಹೊಡದೈತಿ. ಕೊಪ್ಪಳ ಮುಟ್ಟಸು,” ಎಂದಳು ಕಸ್ತೂರೆಮ್ಮ.

ಹೇಮಪ್ಪ ಚಹಾ ಮುಗಿಸಿದ. ಬಟ್ಟಲನ್ನು ಪಕ್ಕಕ್ಕಿಟ್ಟ.

“ಫೋನ್ ಮಾಡಬೇಕಿತ್ತು, ಹೌದಿಲ್ಲೋ ತಂಗೆಮ್ಮ? ನನ್ನ ಮಗಳ ಮದುವಿಗೆ ಕರದಾಗ ಮುಕ್ಕಾಲು ತಾಸಿನಾಗ ಎರಡು ಜೀಪ್ ಬಂದಿದ್ವು. ನಿನ್ನ ಮಾತು ಕೇಳೋರು ಭಾಳ ಮಂದಿ ಅದಾರ.”

“ಆಂಬುಲೆನ್ಸ್ ಬರಾಕ ಎರಡು ತಾಸಂತ. ಕಾಲ ಹಿಡಿತೀನಿ ಯಣ್ಣ.”

ಅವಳು ನಿಜವಾಗಿಯೂ ಕಾಲು ಹಿಡಿದಳು. ಆ ಹೊತ್ತಿಗೆ ಹತ್ತಿಪ್ಪತ್ತು ಜನ ಸೇರಿದ್ದರು. ಅವರಲ್ಲಿ ಕೊಡ ಹೊತ್ತ ಶಾಂತಕ್ಕನೂ ಇದ್ದಳು. ಎಲ್ಲರಿಗೂ ನಾಳೆ ಆ ಟಂಟಂ ಬೇಕಿತ್ತು, ಹಾಗಾಗಿ ಯಾರೂ ಮಾತಾಡಲಿಲ್ಲ. ಹೇಮಪ್ಪ ಕಾಲು ಹಿಂದಕ್ಕೆಳೆದುಕೊಂಡು, ದನಿ ಏರಿಸದೆ ಹೇಳಿದ:

“ಗಾಡಿ ತಗೀತೀನಿ. ನಾನೂ ಮನಿಷ್ಯಾನ ಅದೀನಿ. ಒಂದ ಮಾತು ಹೇಳು. ಆ ಚೀಟಿ ನಿನ್ನ ಕೈಯಾಗ ಕೊಟ್ಟೋರು ಯಾರು?”

“ಯಾರೂ ಕೊಟ್ಟಿಲ್ಲ. ನಾನ ಸಾಲ್ಯಾಗ ಕೇಳಿ ತಗೊಂಡೆ.”

“ಸಾಲ್ಯಾಗ ನಾ ಹೋಗಿ ಕೇಳೀನಿ. ಕೊಟ್ಟಿಲ್ಲ ಅಂದಾರ. ಟ್ರಂಕಿನಾಗ ಇದ್ದದ್ದು ಅದು. ಶಾಂತವ್ವನೇನು?”

ಶಾಂತಕ್ಕ ಕೊಡ ಕೆಳಗಿಳಿಸಿದಳು. “ನನ್ನ ಮಕ್ಕಳಾಣಿ, ನಾ ಮುಟ್ಟಿಲ್ಲ. ಎಷ್ಟ ಸಲ ಹೇಳಲಿ? ಗುಡಿಗೆ ಬರ್ರಿ, ಈಗ ಬರ್ರಿ, ದೇವರ ಮುಂದ ದೀಪ ಆರಿಸಿ ಆಣಿ ಮಾಡ್ತೀನಿ.”

ಕಸ್ತೂರೆಮ್ಮ ಹೂಂ ಎನ್ನಬಹುದಿತ್ತು. ಅನ್ನಬೇಕೆಂದೂ ಇದ್ದಳು. ಆದರೆ ಹೂಂ ಎಂದರೆ ಶಾಂತಕ್ಕ ಸುಮ್ಮನಿರುವವಳಲ್ಲ. ಗುಡಿ, ಆಣೆ, ಗಂಡಂದಿರ ಕೂಗಾಟ, ಒಂದು ತಾಸು ಅಲ್ಲೇ ಹೋಗುತ್ತದೆ. ಹಿಂದೆ ರಸ್ತೆಯ ಮೇಲೆ ಕನಕರಾಜ ಫಕ್ರುದ್ದೀನನ ತೊಡೆಯ ಮೇಲೆ ತಲೆಯಿಟ್ಟು ಬಲಗೈಯಿಂದ ಮಣ್ಣು ಕೆರೆಯುತ್ತಿದ್ದ. ಹೊತ್ತು ಹತ್ತು ಐವತ್ತಾಗಿತ್ತು. ಸುಳ್ಳು ಹೇಳಿದರೆ ವಾದ ಬೆಳೆಯುತ್ತದೆ, ನಿಜ ಹೇಳಿದರೆ ಇಲ್ಲಿಗೇ ಮುಗಿಯುತ್ತದೆ ಎಂದು ಅವಳ ತಲೆ ಸಂತೆಯಲ್ಲಿ ಲೆಕ್ಕ ಹಾಕಿದಷ್ಟು ತಣ್ಣಗೆ ಹೇಳಿತು. ಆ ತಣ್ಣಗಿನ ತಲೆಯನ್ನು ಅವಳು ಆಮೇಲೆ ಬಹಳ ದಿನ ಶಪಿಸಿದಳು.

ಅವಳು ಟಂಟಂ ಕಡೆ ನೋಡಿದಳು. ರೂಪಾಳ ಕೈ ಗಾಜಿನ ಮೇಲೆ ನಿಂತಿತ್ತು. ಒದ್ದೆ ಬಟ್ಟೆಯಿಂದ ನೀರು ಇಳಿಯುತ್ತಿತ್ತು. ಹುಡುಗಿಯ ತುಟಿ ಸ್ವಲ್ಪ ತೆರೆದಿತ್ತು.

“ನಿನ್ನ ಮಗಳ,” ಎಂದಳು ಕಸ್ತೂರೆಮ್ಮ. “ರೂಪಾನ ತಂದ ಕೊಟ್ಲು.”

ಹೇಮಪ್ಪ ಮಗಳನ್ನು ನೋಡಿದ. ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಒಳಗೆ ಹೋಗಿ ಚಾವಿ ತಂದ. “ಹಿಂದಿನ ಸೀಟಿಗೆ ಕೌದಿ ಹಾಸು,” ಎಂದು ಮಗಳಿಗೇ ಹೇಳಿದ. ರೂಪಾ ಒಳಗಿನಿಂದ ಕೌದಿ ತಂದು ಹಾಸಿದಳು. ಕನಕರಾಜನನ್ನು ಎತ್ತಿ ಮಲಗಿಸುವಾಗ ಅವನ ತಲೆ ಬಡಿಯದಂತೆ ಅಂಗೈ ಕೊಟ್ಟವಳೂ ಅವಳೇ.

ಕೊಪ್ಪಳದವರೆಗೆ ಹೇಮಪ್ಪ ಗಾಡಿಯನ್ನು ಚೆನ್ನಾಗಿ ಓಡಿಸಿದ. ಹನ್ನೆರಡು ಇಪ್ಪತ್ತಕ್ಕೆ ಆಸ್ಪತ್ರೆಯ ಬಾಗಿಲಲ್ಲಿದ್ದರು, ಒಂದು ಗಂಟೆ ದಾಟುವ ಮೊದಲೇ ಸೂಜಿ ಬಿತ್ತು. “ವೇಳ್ಯಾಕ್ಕ ಸರಿಯಾಗಿ ತಂದೀರಿ,” ಎಂದರು ಡಾಕ್ಟರು. ಮೂರನೆಯ ದಿನ ಕನಕರಾಜ ತಾನೇ ಎದ್ದು ಕೂತು ಇಡ್ಲಿ ತಿಂದ. ಎಡಗೈಯ ಬೆರಳುಗಳಲ್ಲಿ ಸ್ವಲ್ಪ ಜೋಮು ಉಳಿಯಿತು, ಅಷ್ಟೇ.

ಎಂಟನೆಯ ದಿನ ಊರಿಗೆ ಬಂದಾಗ ಫಕ್ರುದ್ದೀನ ನೋಡಲು ಬಂದ. ಕನಕರಾಜನ ಕೈ ಹಿಡಿದು ಅದೂ ಇದೂ ಮಾತಾಡಿ, ಏಳುವಾಗ ಹೇಳಿದ: “ನೀವು ಹೋಗಿ ಇನ್ನೂ ಅರ್ಧ ತಾಸಾಗಿರಲಿಲ್ಲಕ್ಕ, ಕುಷ್ಟಗಿ ಕಡಿಂದ ಆಂಬುಲೆನ್ಸ್ ಬಂತು. ಅಷ್ಟ ಲಗೂ ಬರತೈತಂತ ಯಾರಿಗೆ ಗೊತ್ತಿತ್ತು? ನಿನ್ನ ಫೋನ್ ಹತ್ತಲಿಲ್ಲ. ಖಾಲಿ ಹೊಳ್ಳಿ ಹೋತು.”

ಕಸ್ತೂರೆಮ್ಮ ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದಳು. ಆಂಬುಲೆನ್ಸಿನಲ್ಲೂ ವೇಳೆಗೆ ಮುಟ್ಟಬಹುದಿತ್ತು. ಅವಳು ಫಕ್ರುದ್ದೀನನಿಗೆ ಚಹಾ ಇಡಲೆಂದು ಒಳಗೆ ಹೋದವಳು ಒಲೆಯ ಮುಂದೆ ಸುಮ್ಮನೆ ನಿಂತುಬಿಟ್ಟಳು.

ರೂಪಾಳ ಸುದ್ದಿ ಹೇಳಿದವಳು ಶಾಂತಕ್ಕ. ಕೊಪ್ಪಳದಿಂದ ಹಿಂತಿರುಗಿದ ಸಂಜೆ ಹೇಮಪ್ಪ ಮಗಳನ್ನು ಬಚ್ಚಲದ ಒಲೆಯ ಮುಂದೆ ಕೂಡಿಸಿದನಂತೆ. ಹತ್ತನೆಯ ತರಗತಿಯ ಪುಸ್ತಕಗಳನ್ನು ಒಂದೊಂದಾಗಿ ಅವಳ ಕೈಯಿಂದಲೇ ಒಲೆಗೆ ಹಾಕಿಸಿದನಂತೆ. ಅದರಿಂದ ಕಾದ ನೀರಿನಲ್ಲಿ ತಾನು ಸ್ನಾನ ಮಾಡಿದನಂತೆ. “ಒಂದ ಏಟು ಹೊಡಿಲಿಲ್ಲ ನೋಡು,” ಎಂದಳು ಶಾಂತಕ್ಕ. “ಹೊಡದಿದ್ರ ಆಕಿ ಅಳ್ತಿದ್ಲು.” ಗೋಡೆಯನ್ನು ಕೆಡವಿದ್ದರು. ಶಾಂತಕ್ಕನ ಮುಖದಲ್ಲಿ ಆರು ತಿಂಗಳ ಭಾರ ಇಳಿದ ಸುಖವಿತ್ತು.

ಡಿಸೆಂಬರಿನ ಮೊದಲ ವಾರದ ಒಂದು ಮಧ್ಯಾಹ್ನ ಹೇಮಪ್ಪ ಕಸ್ತೂರೆಮ್ಮನ ಮನೆಗೆ ಬಂದ. ಕೈಯಲ್ಲಿ ಎಲೆ ಅಡಿಕೆಯ ತಟ್ಟೆಯಿತ್ತು. ಕನಕರಾಜ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡ.

“ಬಾರಪ್ಪ, ನನಗ ಜೀವ ಕೊಟ್ಟಾವ ನೀನು.”

“ನಾ ಏನ ಕೊಟ್ಟೆ. ಗಾಡಿ ಹೊಡಿಯೋದು ನನ್ನ ಕೆಲಸ,” ಎಂದ ಹೇಮಪ್ಪ. ತಟ್ಟೆಯನ್ನು ಕಸ್ತೂರೆಮ್ಮನ ಮುಂದೆ ಇಟ್ಟ. “ರೂಪಾನ ಮದುವಿ ತಂಗೆಮ್ಮ. ಬರೋ ಗುರುವಾರ, ಶ್ರೀರಾಮನಗರದಾಗ, ಅಕ್ಕನ ಮನಿ ಮುಂದ. ಹುಡುಗ ಅವನ, ಅಕ್ಕನೂ ಸಿಟ್ಟು ಬಿಟ್ಟಾಳ. ಹನ್ನೊಂದು ನಲವತ್ತಕ್ಕ ಅಕ್ಷತಿ. ಈ ಸಲ ನಾನ ಬಂದು ಎಲ್ಲಾ ಹೇಳೀನಿ. ನೀ ಯಾರನ್ನೂ ಕೇಳೋದು ಬ್ಯಾಡ.”

ಅವಳು ತಟ್ಟೆಯನ್ನೇ ನೋಡುತ್ತಿದ್ದಳು.

“ಮತ್ತ ಶನಿವಾರ ಕನಕಣ್ಣನ್ನ ಕೊಪ್ಪಳಕ್ಕ ತೋರಸೋದೈತಿ, ಹೌದಿಲ್ಲೋ? ಮದುವಿ ಮುಗಿಸಿಕೊಂಡು ಬಂದು ನಾ ಕರ್ಕೊಂಡು ಹೋಗ್ತೀನಿ. ಹದಿನೈದು ದಿನಕ್ಕೊಮ್ಮಿ ಹೋಗಬೇಕಂದಾರಲ್ಲ. ಎಷ್ಟ ತಿಂಗಳಾದ್ರೂ ಹೋಗೋಣು. ನನ್ನ ಗಾಡಿ ಇರೋತನ ನೀ ಚಿಂತಿ ಮಾಡಬ್ಯಾಡ.”

ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಹೆರಿಗೆಯ ಹೆಂಗಸರನ್ನು ಕರೆದೊಯ್ಯುತ್ತಿದ್ದ ದಿನಗಳ ಅದೇ ದನಿ. ಅವನು ಹೋದ ಮೇಲೆ ಕಸ್ತೂರೆಮ್ಮ ಫೋನ್ ಹಿಡಿದು ಹಿತ್ತಲಲ್ಲಿ ನಿಂತಳು. ಸಿಗ್ನಲ್ ಇತ್ತು. ಸಹಾಯವಾಣಿಯದು ನಾಲ್ಕೇ ಅಂಕಿಯ ನಂಬರು. ಒಳಗೆ ಕನಕರಾಜ ರಬ್ಬರ್ ಚೆಂಡನ್ನು ಎಡಗೈಯಲ್ಲಿ ಹಿಸುಕುತ್ತ, ಡಾಕ್ಟರು ಹೇಳಿದಂತೆ ಒಂದರಿಂದ ಐವತ್ತರವರೆಗೆ ಎಣಿಸುತ್ತಿದ್ದ. ಅವನು ಐವತ್ತು ಮುಟ್ಟಿದ. ಅವಳು ಫೋನನ್ನು ಸೆರಗಿನಲ್ಲಿ ಸುತ್ತಿ ಒಳಗೆ ಬಂದಳು. ಸೋಮವಾರವೂ ಫೋನ್ ಮಾಡಲಿಲ್ಲ, ಬುಧವಾರವೂ ಮಾಡಲಿಲ್ಲ.

ಗುರುವಾರ ಅವಳು ಮೀಟಿಂಗಿನ ನೆಪ ಹೇಳಿ ಉಳಿದಳು. ಕನಕರಾಜ ಹೊಸ ರುಮಾಲು ಸುತ್ತಿ ಮದುವೆಗೆ ಹೋಗಿಬಂದ.

“ಹುಗ್ಗಿ ಭಾಳ ಛಲೋ ಆಗಿತ್ತು,” ಎಂದ. “ನಿನಗಂತ ಡಬ್ಬ್ಯಾಗ ಹಾಕಿ ಕೊಟ್ಟಾನ ಹೇಮಪ್ಪ. ಹುಡುಗಿ ಲಕ್ಷಣ ಕಾಣ್ತಿತ್ತು. ಯಾಕೋ ಮಾತಾಡಲಿಲ್ಲ, ನಾಚಿಕಿ ಇರಬೇಕು.”

ತಾನು ಬಿದ್ದ ದಿನ ಹೇಮಪ್ಪನ ಅಂಗಳದಲ್ಲಿ ಏನು ಮಾತು ನಡೆಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿದ್ದದ್ದು ಅವನೊಬ್ಬನಿಗೆ ಗೊತ್ತಿರಲಿಲ್ಲ. ಕಸ್ತೂರೆಮ್ಮ ಹುಗ್ಗಿಯನ್ನು ತಿಂದಳು. ಅವನು ಎದುರಿಗೆ ಕೂತು ನೋಡುತ್ತಿದ್ದ.

ಮಾರ್ಚಿನಲ್ಲಿ ಗಂಗಾವತಿಯಲ್ಲಿ ಆಶಾ ಕಾರ್ಯಕರ್ತೆಯರ ತರಬೇತಿ ಇತ್ತು. ಎರಡನೆಯ ದಿನ ಮಧ್ಯಾಹ್ನಕ್ಕೇ ಮುಗಿಯಿತು. ಬಸ್ ನಿಲ್ದಾಣದಲ್ಲಿ ಶ್ರೀರಾಮನಗರ ಎಂದು ಕೂಗುತ್ತಿದ್ದ ಬಸ್ಸನ್ನು ಅವಳು ಹತ್ತಿದಳು. ಹುಡುಗಿ ಚೆನ್ನಾಗಿದ್ದಾಳೆ ಎಂದು ಒಮ್ಮೆ ಕಣ್ಣಿಂದ ನೋಡಿದರೆ ಸಾಕು ಎಂದುಕೊಂಡಿದ್ದಳು. ಕಾಲುವೆಯ ಎರಡೂ ಕಡೆ ಹಸಿರು ಭತ್ತ ತೂಗುತ್ತಿತ್ತು. ಇಳಿದ ಮೇಲೆ ಅಂಗಡಿಯ ಹೆಂಗಸು ತೆಲುಗು ಬೆರೆಸಿದ ಕನ್ನಡದಲ್ಲಿ ಮಾರೆಮ್ಮನ ಮನೆ ತೋರಿಸಿದಳು. ಡಾಂಬರು ರಸ್ತೆ, ರಸ್ತೆಯ ಪಕ್ಕದಲ್ಲೇ ಎರಡು ಖೋಲಿಯ ಮನೆ. ಔಷಧದ ಅಂಗಡಿ ನಾಲ್ಕು ಮನೆಯಾಚೆ. ಎದುರಿಗೆ, ರಸ್ತೆ ದಾಟಿದರೆ, ಹೈಸ್ಕೂಲಿನ ಕಂಪೌಂಡು.

ರೂಪಾ ಹೊರಗೆ ನಳದ ಕೆಳಗೆ ಪಾತ್ರೆ ತಿಕ್ಕುತ್ತಿದ್ದಳು. ಸೀರೆಯಲ್ಲಿ ಅವಳು ಇನ್ನೂ ಸಣ್ಣವಳಾಗಿ ಕಂಡಳು. ಕಸ್ತೂರೆಮ್ಮನನ್ನು ನೋಡಿ ಗಾಬರಿಯಾಗಲಿಲ್ಲ, ಮುಖ ತಿರುಗಿಸಲಿಲ್ಲ. ಕೈ ತೊಳೆದು ಮಣೆ ತಂದಿಟ್ಟಳು.

“ಕುಂದರ್ರಿ. ಕಾಕಾ ಅರಾಮ ಅದಾನೇನ್ರಿ?”

‘ರಿ’ ಹೊಸದಾಗಿತ್ತು. ಕಸ್ತೂರೆಮ್ಮ ಕೂತಳು.

“ಅರಾಮ ಅದಾನ. ಕೈಯೂ ಈಗ ಛಲೋ ಆಗೈತಿ. ನೀ ಹೆಂಗದೀಯವ್ವ?”

“ಛಲೋ ಅದೀನ್ರಿ. ಇಲ್ಲಿ ಎಲ್ಲಾ ಸಮೀಪ ಐತ್ರಿ. ದವಾಖಾನಿ ಆ ಕಡೆ ಓಣ್ಯಾಗ. ಗಂಗಾವತಿಗೆ ಕಾಲು ತಾಸಿಗೊಂದು ಬಸ್ಸು.” ರೂಪಾ ರಸ್ತೆಯಾಚೆ ನೋಡದೆ ಹೇಳಿದಳು: “ಸಾಲಿನೂ ಎದುರಿಗೆ ಐತಿ. ಗಂಟಿ ಹೊಡದ್ರ ಒಳಗ ಅಡಗಿ ಮನಿತನ ಕೇಳಸ್ತೈತಿ. ಮುಂದಿನ ವಾರ ಹತ್ತನೇತ್ತದ ಪರೀಕ್ಷಾ ಅಂತ. ನಮ್ಮತ್ತಿ ಅವತ್ತ ರಸ್ತಾದಾಗ ಕಾಳು ಒಣಗಸಬ್ಯಾಡ ಅಂದಾಳ, ಹುಡುಗೂರು ಅಡ್ಡಾಡತಾವಂತ.”

“ನನ್ನ ಮ್ಯಾಲೆ ಸಿಟ್ಟು ಐತೇನ ರೂಪಾ?” ಎಂದು ಕೇಳಿದಳು ಕಸ್ತೂರೆಮ್ಮ. “ಆಗ ನನಗ ಬ್ಯಾರೆ ದಾರಿ ಕಾಣಲಿಲ್ಲ. ಅವರು ಸತ್ತು ಹೋಗ್ತಾರಂತ...”

ಹುಡುಗಿ ಒಂದು ತಾಟನ್ನು ಎತ್ತಿ ನೀರಿಗೆ ಹಿಡಿದಳು.

“ಸಿಟ್ಟಿಲ್ರಿ. ಅವತ್ತ ಕಾಕಾ ರಸ್ತಾದಾಗ ಬಿದ್ದದ್ದು ನನಗೂ ಕಾಣ್ತಿತ್ತು. ನಾನ ಹೇಳಿಬಿಡಬೇಕಂತ ಬಾಯಿ ತಗದಿದ್ದೆ. ‘ಅಪ್ಪ, ನಾ ಕೊಟ್ಟೆ’ ಅನ್ನೋದಿತ್ತು. ಅಷ್ಟರಾಗ ನೀವು ಅಂದ್ರಿ.”

ತಾಟನ್ನು ಬೋರಲು ಹಾಕಿ, ಇನ್ನೊಂದನ್ನು ಎತ್ತಿಕೊಂಡಳು.

“ನಾನ ಹೇಳಿದ್ರೂ ಇಲ್ಲಿಗೇ ಬರ್ತಿದ್ದೆ ಬಿಡ್ರಿ. ಆದ್ರ ನಾನ ಹೇಳಿ ಬಂದಂಗ ಆಗ್ತಿತ್ತು.”

ಒಳಗಿನಿಂದ ಇಣುಕಿ ಮಾರೆಮ್ಮ ಯಾರು ಬಂದಿದ್ದಾರೆಂದು ಕೇಳಿದಳು. “ಊರವ್ರು,” ಎಂದಳು ರೂಪಾ. ಚಹಾ ಮಾಡಲೇ ಎಂದು ಕೇಳಿದಳು. ಕಸ್ತೂರೆಮ್ಮ ಬೇಡವೆಂದು ಎದ್ದಳು. ರೂಪಾ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಹಿರಿಯರು ಹೊರಟಾಗ ಮಾಡುವಂತೆ, ಮತ್ತೆ ಹೋಗಿ ನಳದ ಕೆಳಗೆ ಕೂತಳು.

ಗಂಗಾವತಿ, ಕೊಪ್ಪಳ, ಇರಕಲ್ಲಗಡ. ಮೂರು ಬಸ್ಸು ಬದಲಿಸಿ ಕಸ್ತೂರೆಮ್ಮ ಇರಕಲ್ಲಗಡದಲ್ಲಿ ಇಳಿಯುವಾಗ ಹೊತ್ತು ಮುಳುಗುತ್ತಿತ್ತು. ಮಧ್ಯಾಹ್ನದ ಸರತಿ ಮುಗಿಸಿ ಆಗಲೇ ಊರು ಸೇರಿರಬೇಕಿದ್ದ ಟಂಟಂ ಸರ್ಕಲ್ಲಿನಲ್ಲೇ ನಿಂತಿತ್ತು. ಹೇಮಪ್ಪ ಮುಂದಿನ ಸೀಟಿನ ಮೇಲಿದ್ದ ಚೀಲವನ್ನು ಹಿಂದಕ್ಕೆ ಹಾಕಿ ಅವಳಿಗೆ ಜಾಗ ಮಾಡಿದ.

“ಅಕ್ಕ ಫೋನ್ ಮಾಡಿದ್ಲು,” ಎಂದ. “ಮಗಳ್ನ ನೋಡಾಕ ಹೋಗಿದ್ಯಂತ. ಭಾಳ ಛಲೋ ಮಾಡಿದಿ. ಅರಾಮ ಅದಾಳ ಹೌದಿಲ್ಲೋ?”

ಹಿಂದೆ ಕೂತ ಹನ್ನೊಂದು ಹನ್ನೆರಡು ಮಂದಿ ಅವಳ ಉತ್ತರಕ್ಕೆ ಕಾಯುತ್ತಿದ್ದರು.

“ಅರಾಮ ಅದಾಳ,” ಎಂದಳು ಕಸ್ತೂರೆಮ್ಮ.

“ಹತ್ತು ಮತ್ತ. ಹೊತ್ತಾಗೇತಿ.”

ಬೇರೆ ಗಾಡಿ ಇರಲಿಲ್ಲ. ಅವಳು ಹತ್ತಿ ಅವನ ಪಕ್ಕದಲ್ಲಿ ಕೂತಳು.